ಮಧ್ಯಾಹ್ನ ಎರಡರ ಮೇಲೆ ಲಿಯೋನಿನಲ್ಲಿ ಹಸಿದರೆ: ಒಂದು ಎಚ್ಚರಿಕೆ

ಊಟಕ್ಕೆಂದೇ ಹೆಸರಾದ ಲಿಯೋನ್ ನಗರಕ್ಕೆ ಹೋಗಿ, ಪೊಟ್ಟಣ ಒಡೆದು ಬಿಸಿ ಮಾಡಿಕೊಟ್ಟಂತಿದ್ದ ಊಟಕ್ಕೆ ಒಂಬತ್ತೂವರೆ ಸಾವಿರ ರೂಪಾಯಿಯ ಹತ್ತಿರ ತೆತ್ತು ಎದ್ದು ಬಂದವನು ನಾನು. ಮೋಸ ಹೋದೆ ಎಂದು ಹೇಳಿಕೊಳ್ಳುವುದು ಯಾರಿಗೂ ಹಿತವಲ್ಲ. ಆದರೂ ಫ್ರಾನ್ಸಿನಲ್ಲಿ ನಮ್ಮಂತೆಯೇ ಮುಂಗಡ ಯೋಜನೆಯಿಲ್ಲದೆ ಸುತ್ತಬೇಕೆಂದಿರುವವರು ಅದೇ ಹೊಂಡಕ್ಕೆ ಬೀಳದಿರಲಿ ಎಂಬ ಕಾರಣಕ್ಕೆ, ಎಲ್ಲಿ ತಪ್ಪಿದೆವು ಎಂಬುದನ್ನು ಸಾಧ್ಯವಾದಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಆ ಹೋಟೆಲಿನ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಅದೊಂದನ್ನು ಬಿಟ್ಟು ಪಕ್ಕದ ಬಾಗಿಲಿಗೆ ಹೋಗುವಿರಿ, ಅಷ್ಟೆ.

ಯೋಜನೆಯಿಲ್ಲದ ಪ್ರಯಾಣ ನನಗೂ ನನ್ನ ಹೆಂಡತಿಗೂ ಹೊಸತಲ್ಲ. ಮಲೆನಾಡಿನ ದಾರಿಯಲ್ಲಿ ಹಸಿವಾದಲ್ಲಿ ಗಾಡಿ ನಿಲ್ಲಿಸಿದರೆ, ಮಧ್ಯಾಹ್ನ ಮೂರೂವರೆಗೂ ಅನ್ನ ಸಾರು ಸಿಗುತ್ತದೆ, ಅದು ಮುಗಿದಿದ್ದರೆ ದೋಸೆಯಾದರೂ ಸಿಗುತ್ತದೆ. ಹಸಿವು ಬಂದಾಗ ಊಟ ಇರುತ್ತದೆ ಎಂಬ ಈ ನಂಬಿಕೆಯನ್ನೇ ಪೆಟ್ಟಿಗೆಯಲ್ಲಿಟ್ಟುಕೊಂಡು ನಾವು 2023ರ ಆಗಸ್ಟ್ ಕೊನೆಯ ಭಾನುವಾರ ದಿಜೋನ್ ನಗರದಿಂದ ಲಿಯೋನಿಗೆ ರೈಲು ಹತ್ತಿದೆವು. ರೈಲು ತಡವಾಯಿತು. ಪಾರ್-ದಿಯೂ ನಿಲ್ದಾಣದಲ್ಲಿ ಇಳಿದು, ಸಾಮಾನುಗಳನ್ನು ವಸತಿಯಲ್ಲಿರಿಸಿ, ಸೋನ್ ನದಿಯಾಚೆಯ ಹಳೆ ಲಿಯೋನಿಗೆ ಬರುವಾಗ ಗಂಟೆ ಎರಡೂಮುಕ್ಕಾಲು. ಇಷ್ಟರಲ್ಲೇ ಮೂರು ತಪ್ಪುಗಳಿವೆಯೆಂದು ಅಂದು ನಮಗೆ ತಿಳಿದಿರಲಿಲ್ಲ: ಆಗಸ್ಟ್, ಭಾನುವಾರ, ಎರಡೂಮುಕ್ಕಾಲು.

ಲಿಯೋನಿನ ಸಾಂಪ್ರದಾಯಿಕ ಊಟದ ಮನೆಗಳಿಗೆ ಬುಶೋನ್ ಎಂದು ಹೆಸರು. ಹಂದಿಮಾಂಸ, ಕರುಳು, ಗುಂಡಿಗೆ ಮುಂತಾದ ಅಗ್ಗದ ಭಾಗಗಳಿಂದ ದುಡಿಯುವ ಜನರಿಗಾಗಿ ಹುಟ್ಟಿದ ಅಡುಗೆ ಅದು. ನಾವು ಮೊದಲು ಒಳಗಿನ ಓಣಿಗಳಲ್ಲಿ ಹುಡುಕಿದೆವು. ಬಾಗಿಲುಗಳ ಮೇಲೆ ಕೈಬರಹದ ಚೀಟಿಗಳು: ವಾರ್ಷಿಕ ರಜೆ, ಸೆಪ್ಟೆಂಬರ್ 4ಕ್ಕೆ ತೆರೆಯುತ್ತೇವೆ. ತೆರೆದಿದ್ದ ಒಂದೆರಡು ಕಡೆ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ನೆಲ ಒರೆಸುತ್ತಿದ್ದರು. ನಮ್ಮನ್ನು ಕಂಡು ಗಡಿಯಾರ ತೋರಿಸಿ ವಿನಯದಿಂದಲೇ ತಲೆಯಾಡಿಸಿದರು. ಹೀಗೆ ಅಲೆದು, ಕೊನೆಗೆ ಪ್ರವಾಸಿಗರೆಲ್ಲ ನಡೆಯುವ ಸ್ಯಾಂ-ಜಾನ್ ಬೀದಿಗೆ ಬಂದರೆ, ಅಲ್ಲಿ ಒಂದು ಬಾಗಿಲಲ್ಲ, ಸಾಲು ಸಾಲಾಗಿ ಬಾಗಿಲುಗಳು ತೆರೆದಿದ್ದವು. ಕೆಂಪು ಚೌಕುಳಿಯ ಮೇಜುಬಟ್ಟೆ, ಗೋಡೆಯಲ್ಲಿ ತಾಮ್ರದ ಪಾತ್ರೆ, ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಬುಶೋನ್'. ಬಾಗಿಲಲ್ಲಿ ನಿಂತ ಒಬ್ಬಾತ ಐದು ಭಾಷೆಗಳಲ್ಲಿ ಅಚ್ಚಾದ ಪಟ್ಟಿಯನ್ನು ಕೈಗಿತ್ತು, 'ಇಂಡಿಯಾ? ವೆಜಿಟೇರಿಯನ್? ನೋ ಪ್ರಾಬ್ಲಂ' ಎಂದ. ಬೀದಿಯಲ್ಲಿ ನಿಂತು ಗಿರಾಕಿಯನ್ನು ಕರೆಯುವವನ ಅಡುಗೆಮನೆಗೆ ಗಿರಾಕಿ ತಾನಾಗಿ ಎರಡನೆಯ ಸಲ ಬರುವುದಿಲ್ಲ ಎಂಬ ಸಣ್ಣ ಲೆಕ್ಕ ಹಸಿದ ತಲೆಗೆ ಹೊಳೆಯಲಿಲ್ಲ.

ನಾನು ಕೆನೆಲ್ ಹೇಳಿದೆ. ನದಿಯ ಪೈಕ್ ಮೀನನ್ನು ನುಣ್ಣಗೆ ಅರೆದು, ಹಿಟ್ಟು, ಮೊಟ್ಟೆ, ಬೆಣ್ಣೆಯೊಂದಿಗೆ ಕಲಸಿ ಉಂಡೆ ಮಾಡಿ, ಸಿಹಿನೀರಿನ ಸೀಗಡಿಯ ಸಾಸಿನಲ್ಲಿ ಬೇಯಿಸುವ ಖಾದ್ಯ ಇದು. ಒಲೆಯ ಬಿಸಿಗೆ ಉಬ್ಬಿ ಹಗುರವಾಗುವುದೇ ಇದರ ಗುಣ, ಅದಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು. ನನ್ನ ಮುಂದಿನ ತಟ್ಟೆ ಐದನೆಯ ನಿಮಿಷಕ್ಕೆ ಬಂತು. ಅಂಚಿನಲ್ಲಿ ಸಾಸು ಕುದಿಯುತ್ತಿತ್ತು, ನಡುವೆ ಉಂಡೆ ತಣ್ಣಗಿತ್ತು, ಕಚ್ಚಿದರೆ ರಬ್ಬರು. ಹೊರಗಿನಿಂದ ಕೆನೆಲ್ ತರಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕೆನೆಲ್ ಮಾಡುವುದನ್ನೇ ಕಸುಬಾಗಿಸಿಕೊಂಡ ಅಂಗಡಿಗಳು ಆ ಊರಿನಲ್ಲಿವೆ, ಒಳ್ಳೆಯ ಬುಶೋನುಗಳೂ ಅಲ್ಲಿಂದ ತರಿಸಿಕೊಳ್ಳುತ್ತವೆ. ಆದರೆ ಅದನ್ನು ಒಲೆಯಲ್ಲಿ ಉಬ್ಬಿಸುವ ವ್ಯವಧಾನವೂ ಇಲ್ಲದಿದ್ದರೆ ಉಳಿಯುವುದು ಹಿಟ್ಟಿನ ಮುದ್ದೆ. (ನಮ್ಮ ರಾಗಿ ಮುದ್ದೆಗೆ ಇದರಿಂದ ಅವಮಾನವಾಗದಿರಲಿ.)

ಹೆಂಡತಿಯ ಪಾಡು ಇನ್ನೂ ಕೆಟ್ಟದಾಯಿತು. ಆಕೆ ಮಾಂಸ, ಮೀನು ಮುಟ್ಟುವುದಿಲ್ಲ, ಮೊಟ್ಟೆಗೆ ಅಭ್ಯಂತರವಿಲ್ಲ. ಲಿಯೋನಿನ ಸಲಾಡ್ ತೆಗೆದುಕೊಳ್ಳಿ, ಹಂದಿಮಾಂಸದ ಚೂರುಗಳಿಲ್ಲದೆ ಮಾಡಿಸುತ್ತೇನೆ ಎಂದು ವೇಟರ್ ಮಾತು ಕೊಟ್ಟ. ಬಂದ ತಟ್ಟೆಯಲ್ಲಿ ಚೂರುಗಳೇನೋ ಕಾಣಲಿಲ್ಲ, ಆದರೆ ಸೊಪ್ಪಿನಡಿಯಲ್ಲಿ ಎರಡು ಅಡಗಿದ್ದವು. ಹಾಕದೆ ಮಾಡಿದ್ದಲ್ಲ, ಮಾಡಿದ್ದರಿಂದ ಆರಿಸಿ ತೆಗೆದದ್ದು. ಆ ಸಲಾಡಿನ ಮೇಲೆ ಸುರಿಯುವ ಬೆಚ್ಚಗಿನ ವಿನೆಗರ್ ಸಾಸನ್ನು ಬಹಳ ಸಲ ಮಾಂಸ ಹುರಿದ ಬಾಣಲೆಯ ಕೊಬ್ಬಿನಲ್ಲೇ ಮಾಡುತ್ತಾರೆಂಬುದು ನಮಗೆ ಆಮೇಲೆ ತಿಳಿಯಿತು. ಆಕೆ ಬ್ರೆಡ್ಡು ತಿಂದು ಎದ್ದಳು.

ಇದರಲ್ಲೊಂದು ವಿಚಿತ್ರವೂ ಇದೆ. ಪಟ್ಟಿಯಲ್ಲಿ 'ಸೆರ್ವೆಲ್ ದ ಕಾನ್ಯು' ಎಂಬ ಹೆಸರಿತ್ತು. ಕಾನ್ಯು ಎಂದರೆ ಲಿಯೋನಿನ ರೇಷ್ಮೆ ನೇಕಾರ, ಸೆರ್ವೆಲ್ ಎಂದರೆ ಮಿದುಳು. ಹೆಸರು ಓದಿಯೇ ಆಕೆ ಮುಖ ಸಿಂಡರಿಸಿದ್ದಳು. ವಾಸ್ತವದಲ್ಲಿ ಅದರಲ್ಲಿ ಮಿದುಳೂ ಇಲ್ಲ, ಮಾಂಸವೂ ಇಲ್ಲ. ತಾಜಾ ಬಿಳಿ ಚೀಸಿಗೆ ಸಣ್ಣ ಈರುಳ್ಳಿ, ಸೊಪ್ಪು, ಎಣ್ಣೆ, ವಿನೆಗರ್ ಹಾಕಿ ಕಲಸಿದ್ದು. ನಮ್ಮ ಮೊಸರುಬಜ್ಜಿಯ ದೂರದ ನೆಂಟ. ಆ ಪಟ್ಟಿಯಲ್ಲಿ ಆಕೆ ತಿನ್ನಬಹುದಾಗಿದ್ದ ಪದಾರ್ಥವೆಂದರೆ ಬಹುಶಃ ಅದೊಂದೇ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಫ್ರಾನ್ಸಿನ ಅನೇಕ ಸಾಂಪ್ರದಾಯಿಕ ಚೀಸುಗಳಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆ. ಅದು ಬೇಡವೆನ್ನುವವರು ಕೇಳಿಯೇ ತಿನ್ನಬೇಕು.

ಬಿಲ್ಲು 91 ಯೂರೋ. ಕೆನೆಲ್ 29, ಸಲಾಡ್ 18, 46 ಸೆಂಟಿಲೀಟರಿನ ದಪ್ಪ ತಳದ ಸೀಸೆಯಲ್ಲಿ ವೈನ್ 21, ಎರಡು ಕಾಫಿಗೆ 8, ಎರಡು ಬಾಟಲಿ ನೀರಿಗೆ 15. ಹೊರಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಕೆನೆಲ್ ಇರಲೇ ಇಲ್ಲ. ಅದು ವೇಟರ್ ಬಾಯಿಮಾತಿನಲ್ಲಿ ಹೇಳಿದ 'ಇಂದಿನ ವಿಶೇಷ', ನಾನು ಬೆಲೆ ಕೇಳಿರಲಿಲ್ಲ. ನೀರು ಬೇಕೆಂದಾಗ 'ಸಾದಾ ನೀರೋ, ಗುಳ್ಳೆ ನೀರೋ' ಎಂದಷ್ಟೇ ಕೇಳಿದ್ದರು, ಎರಡೂ ದುಡ್ಡಿನ ನೀರು. ಇಷ್ಟರ ಮೇಲೆ ಕಾರ್ಡ್ ಯಂತ್ರವನ್ನು ಮುಂದೆ ಹಿಡಿದು, 'ಸೇವಾಶುಲ್ಕ ಇದರಲ್ಲಿ ಸೇರಿಲ್ಲ' ಎಂದರು; ಪರದೆಯಲ್ಲಿ ಶೇಕಡಾ 10, 15, 20 ಎಂಬ ಗುಂಡಿಗಳು. ನಡುವಿನದನ್ನು ಒತ್ತಿದೆ. ಒಟ್ಟು 104.65 ಯೂರೋ.

ಆ ಕೊನೆಯ ಮಾತು ಶುದ್ಧ ಸುಳ್ಳು. ಫ್ರಾನ್ಸಿನ ಹೋಟೆಲುಗಳಲ್ಲಿ ಪಟ್ಟಿಯ ಬೆಲೆಯೊಳಗೇ ತೆರಿಗೆಯೂ ಸೇವಾಶುಲ್ಕವೂ ಸೇರಿರಬೇಕೆಂದು ನಿಯಮವಿದೆ. ಬಿಲ್ಲಿನಲ್ಲಿ 'ಸೆರ್ವಿಸ್ ಕೋಂಪ್ರಿ' ಎಂದು ಅಚ್ಚಾಗಿರುವುದೂ ಉಂಟು. ಸಂತೋಷವಾದರೆ ಒಂದೆರಡು ನಾಣ್ಯ ಬಿಟ್ಟು ಬರಬಹುದು, ಬಿಡದಿದ್ದರೆ ಯಾರೂ ಮುಖ ನೋಡುವುದಿಲ್ಲ. ನೀರಿನ ವಿಷಯವೂ ಹಾಗೆಯೇ. 'ಯುನ್ ಕರಾಫ್ ದೋ' ಎಂದು ಕೇಳಿದರೆ ಹೂಜಿಯಲ್ಲಿ ನಲ್ಲಿನೀರನ್ನು ಪುಕ್ಕಟೆಯಾಗಿ ತಂದಿಡಬೇಕು. 2020ರ ಒಂದು ಕಾಯ್ದೆಯ ಪ್ರಕಾರ, ಗಿರಾಕಿ ಹೀಗೆ ಕೇಳಬಹುದೆಂಬುದನ್ನು 2022ರಿಂದ ಹೋಟೆಲಿನವರೇ ಕಾಣುವಂತೆ ತಿಳಿಸಬೇಕು. ಬೇರೇನನ್ನೂ ಕಲಿಯದಿದ್ದರೂ ಈ ಮೂರು ಫ್ರೆಂಚ್ ಪದಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ. ನಮಗೆ ಅವುಗಳ ಬೆಲೆ 15 ಯೂರೋ.

ಯೋಜನೆಯಿಲ್ಲದೆ ಹೋದದ್ದೇ ತಪ್ಪು ಎಂದು ಗೆಳೆಯರು ಹೇಳಿದರು. ನಾನು ಒಪ್ಪುವುದಿಲ್ಲ. ಊರು, ರೈಲು, ವಸತಿ ಯಾವುದನ್ನೂ ಮೊದಲೇ ಗೊತ್ತುಮಾಡಿಕೊಳ್ಳದೆ ಫ್ರಾನ್ಸಿನಲ್ಲಿ ಚೆನ್ನಾಗಿ ಉಣ್ಣಲು ಸಾಧ್ಯ, ಆದರೆ ಅಲ್ಲಿಯ ಊಟದ ಗಡಿಯಾರವನ್ನು ಮಾತ್ರ ಮೀರುವಂತಿಲ್ಲ. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಎರಡಕ್ಕೆ ಅಡುಗೆಯವರು ಒಲೆ ಆರಿಸಿ ಹೊರಟರೆ ಮತ್ತೆ ಸಂಜೆ ಏಳು, ಏಳೂವರೆಗೆ. ಸಣ್ಣ ಊರುಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಊಟದ ಆಸೆಯನ್ನೇ ಬಿಡಬೇಕು. ಭಾನುವಾರ ಸಂಜೆ ಮತ್ತು ಸೋಮವಾರ ಬಹಳ ಕಡೆ ರಜೆ, ಆಗಸ್ಟಿನಲ್ಲಿ ಎರಡು ಮೂರು ವಾರ ಮುಚ್ಚುವುದು ಸಾಮಾನ್ಯ. ತಾವೇ ಅಡುಗೆ ಮಾಡುವ ನಾಲ್ಕು ಜನರ ಸಣ್ಣ ಹೋಟೆಲು ದಿನವಿಡೀ ಬಾಗಿಲು ತೆರೆದಿರಲಾರದು. ಆ ಹೊತ್ತಿನಲ್ಲಿ ತೆರೆದಿರುವುದು, ದಾರಿಹೋಕರನ್ನೇ ನಂಬಿದ ಬೀದಿಗಳಲ್ಲಿ, ಹೆಚ್ಚಾಗಿ ಬಿಸಿ ಮಾಡಿ ಬಡಿಸುವ ಜಾಗಗಳು. ಪ್ಯಾರಿಸ್ಸಿನ ಹ್ಯುಶೆತ್ ಬೀದಿಯಲ್ಲೂ ಇದೇ ನೋಟ ಕಂಡೆವು. 'ಸೆರ್ವಿಸ್ ಕೋಂಟಿನ್ಯು' ಎಂದು ಬರೆದುಕೊಂಡು ದಿನವಿಡೀ ಬಡಿಸುವ ಪ್ರಾಮಾಣಿಕ ಬ್ರಾಸರಿಗಳೂ, ಅಂದರೆ ಊಟ ಪಾನೀಯ ಎರಡೂ ಸಿಗುವ ದೊಡ್ಡ ಹೋಟೆಲುಗಳೂ, ಇಲ್ಲದಿಲ್ಲ. ಆದರೆ ಎರಡು ದಾಟಿದರೆ ಬೇಕರಿಯ ಸ್ಯಾಂಡ್‌ವಿಚ್ ಅಥವಾ ಬ್ರೆಡ್ಡು ಚೀಸು ಕೊಂಡು ನದಿಯ ದಂಡೆಯಲ್ಲಿ ಕೂರುವುದೇ ವಾಸಿ. ಐದಾರು ಯೂರೋಗೆ ಸಿಗುವ ಆ ಸ್ಯಾಂಡ್‌ವಿಚ್ಚೇ ನನ್ನ 29 ಯೂರೋ ಕೆನೆಲ್‌ಗಿಂತ ಎಷ್ಟೋ ಹೆಚ್ಚು ಫ್ರೆಂಚ್ ಊಟ.

ಹಲಗೆಯ ಮೇಲಿನ ಹೆಸರನ್ನು ನಂಬಿದ್ದು ನಮ್ಮ ಇನ್ನೊಂದು ಪೆದ್ದುತನ. ಬುಶೋನ್ ಎಂಬ ಪದವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಈ ಗೊಂದಲಕ್ಕಾಗಿಯೇ 1997ರಲ್ಲಿ ಒಂದು ಸಂಘವೂ, 2012ರಲ್ಲಿ ಲಿಯೋನಿನ ವಾಣಿಜ್ಯ ಮಂಡಳಿಯ ಮುಂದಾಳತ್ವದಲ್ಲಿ 'ಲೇ ಬುಶೋನ್ ಲಿಯೋನೆ' ಎಂಬ ಗುರುತಿನ ಫಲಕವೂ ಬಂದವು. ಪರಿಶೀಲನೆಯಾದ ಮೇಲಷ್ಟೇ ಆ ಫಲಕವನ್ನು ಬಾಗಿಲಿಗೆ ಹಾಕಿಕೊಳ್ಳಬಹುದು. ಫಲಕವಿಲ್ಲದ ಒಳ್ಳೆಯ ಬುಶೋನುಗಳೂ ಇವೆ, ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ದಿಕ್ಕು ತೋಚದೆ ನಿಂತವನಿಗೆ ಫಲಕ ನೆರವಾಗುತ್ತದೆ. ದೇಶಕ್ಕೆಲ್ಲ ಅನ್ವಯಿಸುವ ಗುರುತೆಂದರೆ 2014ರಿಂದ ಬಂದ 'ಫೇ ಮೆಜೋಂ', ಅಂದರೆ ಮನೆಯಲ್ಲೇ ಮಾಡಿದ್ದು. ಪಾತ್ರೆಯ ಮೇಲೆ ಮನೆಯ ಮಾಡನ್ನು ಮುಚ್ಚಳದಂತಿಟ್ಟ ಚಿಹ್ನೆ ಅದಕ್ಕೆ. ಪಟ್ಟಿಯಲ್ಲಿ ಎಲ್ಲ ಖಾದ್ಯಗಳಿಗೂ ಇದೆಯೋ, ಒಂದೆರಡಕ್ಕೆ ಮಾತ್ರವೋ ಎಂದು ನೋಡಿ. ಅದಕ್ಕೂ ಮಿತಿಯಿದೆ: ಹಸಿ ತರಕಾರಿ, ಮೀನು, ಮಾಂಸವನ್ನು ಹೆಪ್ಪುಗಟ್ಟಿಸಿಟ್ಟು ಆಮೇಲೆ ಅಲ್ಲೇ ಬೇಯಿಸಿದರೂ ನಿಯಮ ಒಪ್ಪುತ್ತದೆ. ಬೇರೆಡೆ ಬೇಯಿಸಿ ತಂದದ್ದನ್ನು ಬಿಸಿ ಮಾಡಿಕೊಡುವುದಕ್ಕೆ ಮಾತ್ರ ಈ ಗುರುತು ಸಲ್ಲದು. ನಾವು ಉಂಡ ಕಡೆ ಈ ಚಿಹ್ನೆ ಎಲ್ಲಿಯೂ ಇರಲಿಲ್ಲವೆಂದು ಅಂದು ತೆಗೆದ ಪಟ್ಟಿಯ ಫೋಟೋವನ್ನು ರಾತ್ರಿ ಹಿಗ್ಗಿಸಿ ನೋಡಿದಾಗ ತಿಳಿಯಿತು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರೆ ನಂಬಬಹುದು ಎಂಬ ಮಾತನ್ನು ಮಾತ್ರ ಬಿಟ್ಟುಬಿಡಿ. ಸೀಮೆಸುಣ್ಣ ಅವರ ಹತ್ತಿರವೂ ಇತ್ತು.

ಇಂಟರ್ನೆಟ್ಟಿನ ನಕ್ಷತ್ರಗಳನ್ನು ನೋಡಲಿಲ್ಲವೇ ಎಂದು ಕೇಳುವಿರಿ. ನೋಡಿದ್ದೆ, ಐದಕ್ಕೆ ನಾಲ್ಕರ ಮೇಲಿತ್ತು. ಆಮೇಲೆ ನಿಧಾನವಾಗಿ ಓದಿದರೆ, ಹೊಗಳಿದವರಲ್ಲಿ ಹೆಚ್ಚಿನವರು ಬೀದಿಯ ಅಂದವನ್ನೂ ವೇಟರಿನ ನಗುವನ್ನೂ ಹೊಗಳಿದ್ದರು. ಊಟದ ಬಗ್ಗೆ ಬರೆದ ಫ್ರೆಂಚ್ ಟಿಪ್ಪಣಿಗಳು ಕಡಿಮೆ, ಇದ್ದವೂ ಬೈಗುಳ. ನಮಗೂ ಬಿಲ್ಲಿನೊಂದಿಗೆ ಒಂದು ಚೀಟಿ ಕೊಟ್ಟು, ಇಲ್ಲೇ ಕೂತು ಐದು ನಕ್ಷತ್ರ ಹಾಕಿದರೆ ಒಂದು ಸಣ್ಣ ಲೋಟ ಮದ್ಯ ಉಚಿತವೆಂದರು. ನಕ್ಷತ್ರ ಹಾಕದೆ ಎದ್ದದ್ದೊಂದೇ ಆ ದಿನ ನಾನು ಮಾಡಿದ ಬುದ್ಧಿವಂತಿಕೆ.

ಸೋಮವಾರ ಬೆಳಿಗ್ಗೆ ಕ್ರ್ವಾ-ರೂಸ್ ಗುಡ್ಡದ ಮೇಲಿನ ಒಂದು ಬೇಕರಿಯಲ್ಲಿ, ಗುಲಾಬಿ ಬಣ್ಣದ ಬಾದಾಮಿ ಸಕ್ಕರೆಯ ಟಾರ್ಟ್ ಕೊಳ್ಳುತ್ತ, ನನ್ನ ಹರಕು ಫ್ರೆಂಚಿನಲ್ಲಿ ಅಂಗಡಿಯಾಕೆಯನ್ನು ಕೇಳಿದೆ: ಒಳ್ಳೆಯ ಹೋಟೆಲ್ ಯಾವುದು ಎಂದಲ್ಲ, ನೀವು ಹಣ ಕೊಟ್ಟು ಎಲ್ಲಿ ಉಣ್ಣುತ್ತೀರಿ ಎಂದು. ಆಕೆ ಸ್ವಲ್ಪ ಯೋಚಿಸಿ ಬ್ರೆಡ್ಡಿನ ಕಾಗದದ ಮೇಲೆ ಒಂದು ವಿಳಾಸ ಬರೆದು, ಹೋಗುವ ಮುನ್ನ ಫೋನ್ ಮಾಡಿ ಎಂದರು. ಹನ್ನೊಂದು ಗಂಟೆಗೆ ಫೋನ್ ಮಾಡಿದೆ. ಅಂದು ರಾತ್ರಿ ಜಾಗವಿರಲಿಲ್ಲ, ಮರುದಿನ ಏಳೂವರೆಗೆ ಇತ್ತು. ಯೋಜನೆಯಿಲ್ಲದ ಪ್ರಯಾಣಕ್ಕೆ ಇದಕ್ಕಿಂತ ಹೆಚ್ಚಿನ ಯೋಜನೆ ಬೇಕಿಲ್ಲ: ಬೆಳಗಿನ ಕಾಫಿಯ ಹೊತ್ತಿಗೆ ಅಂದಿನ ಊಟದ ಬಗ್ಗೆ ಒಂದು ಪ್ರಶ್ನೆ, ಒಂದು ಫೋನು.

ಮಂಗಳವಾರ ಅಲ್ಲಿ ಪಟ್ಟಿಯೆಂದರೆ ಒಂದೇ ಹಾಳೆ, ಫ್ರೆಂಚಿನಲ್ಲಿ ಮಾತ್ರ, ಮುಖ್ಯ ಖಾದ್ಯಗಳು ಆರು. ಕೆನೆಲ್‌ಗೆ ಅರ್ಧ ಗಂಟೆ ಕಾಯಬೇಕು ಎಂದು ಮೊದಲೇ ಹೇಳಿದರು. ಬಂದಾಗ ಅದು ತಟ್ಟೆಯ ಅಂಚು ಮೀರಿ ಉಬ್ಬಿತ್ತು, ಚಮಚ ತಾಗಿಸಿದರೆ ಉಸಿರು ಬಿಟ್ಟಂತೆ ಇಳಿಯಿತು. ಹೆಂಡತಿ ಈ ಸಲ ನೇಕಾರನ ಮಿದುಳನ್ನೇ ತರಿಸಿ, ಬೇಯಿಸಿದ ಆಲೂಗಡ್ಡೆಯೊಂದಿಗೆ ಎರಡು ಬಟ್ಟಲು ಮುಗಿಸಿದಳು. ಕೇಳದೆಯೇ ಹೂಜಿಯಲ್ಲಿ ನೀರು ಬಂತು. ಇಬ್ಬರಿಗೂ ವೈನ್ ಸೇರಿ 58 ಯೂರೋ; ಕಾರ್ಡ್ ಯಂತ್ರದಲ್ಲಿ ಟಿಪ್ಸ್ ಕೇಳುವ ಪರದೆ ಮೂಡಿದಾಗ ಒಡತಿಯೇ ಬೆರಳು ಚಾಚಿ ಅದನ್ನು ದಾಟಿಸಿದರು. ಹೊರಡುವಾಗ ಬಾಗಿಲ ಮೇಲಿನ ವೇಳಾಪಟ್ಟಿಯನ್ನು ಓದಿದೆ: ಮಧ್ಯಾಹ್ನ 12ರಿಂದ 1.45, ಸಂಜೆ 7.30ರಿಂದ 9.30, ಶನಿವಾರ ಮತ್ತು ಭಾನುವಾರ ರಜೆ.