ಲ್ಯೂಕೋಫಿಲಂ: ಗಿಡಕ್ಕೆ ಪೂರ್ತಿ ಅಂಕ, ಚೀಲದ ಮಣ್ಣಿಗೆ ಸೊನ್ನೆ

ಬೆಂಗಳೂರಿನ ನರ್ಸರಿಗಳಲ್ಲಿ ಕಪ್ಪು ಚೀಲದಲ್ಲಿ ಸಿಗುವ ಬೂದುಬಣ್ಣದ ಲ್ಯೂಕೋಫಿಲಂ ಅಥವಾ ಟೆಕ್ಸಾಸ್ ಸೇಜ್, ಬಿಸಿಲು ರಾಚುವ ಟೆರೇಸಿಗೆ ಹೇಳಿ ಮಾಡಿಸಿದ ಗಿಡ. ಮೂಲ ಟೆಕ್ಸಾಸ್ ಮತ್ತು ಉತ್ತರ ಮೆಕ್ಸಿಕೋದ ಒಣನೆಲ. ಬೇಸಿಗೆಯಲ್ಲೂ ಬೋಳಾಗುವುದಿಲ್ಲ. ಎಲೆ ಸವರಿದರೆ ಉಣ್ಣೆಬಟ್ಟೆ ಮುಟ್ಟಿದಂತಿರುತ್ತದೆ; ಆ ಬಿಳಿ ರೋಮಗಳೇ ಬಿಸಿಲನ್ನು ತಡೆದು ಎಲೆಯ ತೇವ ಕಾಯುತ್ತವೆ. ಅಡುಗೆಗೆ ಬಳಸುವ ಸೇಜ್‌ಗೂ ಇದಕ್ಕೂ ನಂಟಿಲ್ಲ.

ದೂರು ಇರುವುದು ಮಣ್ಣಿನ ಮೇಲೆ. ಚೀಲದಲ್ಲಿ ಸಾಮಾನ್ಯವಾಗಿ ಅಂಟು ಕೆಂಪುಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿರುತ್ತಾರೆ. ಮಾರುವ ತನಕ ಒಣಗದಿರಲು ಅದು ಸರಿ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಹಿಡಿಯುವ ಊರಿನಲ್ಲಿ ಅದೇ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ಮೇಲೆ ಎಲೆ ಹಳದಿಯಾಗಿ ಜೋತುಬಿದ್ದಾಗ ಬಾಯಾರಿದೆ ಎಂದುಕೊಂಡು ಇನ್ನೂ ನೀರು ಸುರಿದರೆ ಮುಗಿಯಿತು. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು ಕೊಡಿ.

ಒಂದಡಿ ಎತ್ತರದ, ಬುಡದಿಂದಲೇ ಕವಲೊಡೆದ ಸಸಿ ಆರಿಸಿ. ಮಣ್ಣಿಗೆ ಹುಳಿ ವಾಸನೆಯಿದ್ದರೆ ಬಿಟ್ಟುಬಿಡಿ. ತಳದಲ್ಲಿ ತೂತಿರುವ 12 ಇಂಚಿನ ಮಣ್ಣಿನ ಕುಂಡಕ್ಕೆ ಎರಡು ಪಾಲು ಕೆಂಪುಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಸಣ್ಣ ಜಲ್ಲಿ, ಅರ್ಧ ಪಾಲು ಹಳೆಯ ಕಾಂಪೋಸ್ಟ್ ಸಾಕು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೆ ಧೂಳು ಹೋಗುವಂತೆ ತೊಳೆಯಿರಿ. ಇಲ್ಲದಿದ್ದರೆ ಆ ಧೂಳೇ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ನೆಲದಲ್ಲಿ ನೆಡುವುದಾದರೆ ಪಾತಿ ಮಾಡಲೇಬೇಡಿ, ಅರ್ಧ ಅಡಿ ದಿಬ್ಬದ ಮೇಲೆ ನೆಡಿ.

"ನೀರೇ ಬೇಡ" ಎಂಬ ಮಾತನ್ನು ಮೊದಲ ವರ್ಷ ನಂಬಬೇಡಿ. ಬೇರು ಊರುವ ತನಕ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ತಳದಿಂದ ಇಳಿಯುವಷ್ಟು ಹಾಕಿ. ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆ ತೆಗೆದು, ಕುಂಡವನ್ನು ಇಟ್ಟಿಗೆ ಮೇಲಿಡಿ. ಯೂರಿಯಾ ಬೇಡ, ಕೊಂಬೆ ಬಲವಿಲ್ಲದೆ ಉದ್ದವಾಗುತ್ತದೆ.

ಫೆಬ್ರವರಿಯಲ್ಲಿ ಉದ್ದದ ಮೂರನೇ ಒಂದು ಭಾಗ ಕತ್ತರಿಸಿ. ಕತ್ತರಿಯಲ್ಲಿ ಆಗಾಗ ಚೆಂಡಿನಂತೆ ಸವರುವುದು ಈ ಗಿಡಕ್ಕೆ ಅನ್ಯಾಯ: ಹೂ ಬರುವ ಹೊಸ ಚಿಗುರೇ ಹೋಗುತ್ತದೆ. ಬೇಸಿಗೆಯ ಮಳೆ ಬಿದ್ದು ಗಾಳಿ ತೇವವಾದ ಕೆಲವೇ ದಿನಗಳಲ್ಲಿ ಬೂದಿ ಎಲೆಗಳ ನಡುವೆ ನೇರಳೆ ಗಂಟೆಗಳು ಒಟ್ಟಿಗೇ ಅರಳುವುದನ್ನು ಕಳೆದುಕೊಳ್ಳಬೇಡಿ. ದಿನಕ್ಕೆ ಆರು ತಾಸು ನೇರ ಬಿಸಿಲು ಬೀಳದ ಬಾಲ್ಕನಿಗೆ ಮಾತ್ರ ಇದನ್ನು ಕೊಳ್ಳಬೇಡಿ. ನೆರಳಿನಲ್ಲಿ ಬೆಳ್ಳಿಬಣ್ಣ ಮಾಸಿ, ಹೂವೂ ಬಾರದು.