ಡಾರ್ಕ್‌ಟೇಬಲ್: ದುಡ್ಡಿಲ್ದೆ ರಾ ಫೋಟೋ ಎಡಿಟ್ ಮಾಡೋರಿಗೆ

ಹೊಸದಾಗಿ ಕ್ಯಾಮೆರಾ ತಗೊಂಡು, ಫೋಟೋ ಎಡಿಟ್ ಮಾಡೋ ಲೈಟ್‌ರೂಮ್ ಸಾಫ್ಟ್‌ವೇರ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟೋಕೆ ಮನಸಿಲ್ಲ ಅನ್ನೋರು ಒಂದ್ಸಲ ಡಾರ್ಕ್‌ಟೇಬಲ್ ಹಾಕ್ಕೊಂಡು ನೋಡಿ, ಪೂರ್ತಿ ಫ್ರೀ, ಓಪನ್ ಸೋರ್ಸ್, 2009ರಿಂದ ಇದೆ, ವಿಂಡೋಸ್ ಮ್ಯಾಕ್ ಲಿನಕ್ಸ್ ಮೂರರಲ್ಲೂ ಓಡುತ್ತೆ. ನಂಗೆ ಭಾರಿ ಇಷ್ಟ ಆಗಿದ್ದು ಏನಂದ್ರೆ ಒರಿಜಿನಲ್ ರಾ ಫೈಲನ್ನ (ಕ್ಯಾಮೆರಾ ಸೆನ್ಸರ್ ಕೊಟ್ಟ ಕಚ್ಚಾ ಫೋಟೋ) ಇದು ಮುಟ್ಟೋದೇ ಇಲ್ಲ, ನೀವು ಮಾಡಿದ್ದೆಲ್ಲ ಪಕ್ಕದಲ್ಲೇ ಒಂದು ಪುಟ್ಟ ಎಕ್ಸ್‌ಎಂಪಿ ಫೈಲಲ್ಲಿ ಬರ್ಕೊಂಡಿರುತ್ತೆ, ಬೇಡ ಅನ್ಸಿದ್ರೆ ಹಿಸ್ಟರಿಲಿ ಹಿಂದಕ್ಕೆ ಹೋಗ್ಬೋದು. ಮಾಸ್ಕ್ ಅಂತೂ ಸೂಪರ್, ಮುಖ ಮಾತ್ರ ಬೆಳಗಿಸ್ಬೇಕಾ, ಬೆಳಕು ಹೆಚ್ಚು ಕಮ್ಮಿ ಮಾಡೋ ಎಕ್ಸ್‌ಪೋಷರ್ ಮಾಡ್ಯೂಲಲ್ಲಿ (ಮಾಡ್ಯೂಲ್ ಅಂದ್ರೆ ಒಂದೊಂದು ಕೆಲಸಕ್ಕೆ ಒಂದೊಂದು ಟೂಲ್) ಮುಖದ ಸುತ್ತ ಒಂದು ರೌಂಡ್ ಹಾಕಿ ಅಂಚು ಮೆತ್ತಗೆ ಮಾಡಿದ್ರೆ ಆಯ್ತು, ಹಿಂದಿನ ಗೋಡೆ ಹೆಂಗಿತ್ತೋ ಹಂಗೇ ಇರುತ್ತೆ.

ಆದ್ರೆ ಕಲಿಯೋದು ಸುಲಭ ಅಲ್ಲ ಮಾರಾಯ್ರೆ. ಮಾಡ್ಯೂಲ್ ಲಿಸ್ಟ್ ನೋಡಿದ್ರೇನೆ ತಲೆ ಗಿರ್ ಅನ್ನುತ್ತೆ, ಎಲ್ಲಾದಕ್ಕೂ ಕೈ ಹಾಕಕ್ಕೆ ಹೋಗ್ಬೇಡಿ, ಶುರುಲಿ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬಣ್ಣ ಸರಿ ಮಾಡೋದು), ಕ್ರಾಪ್, ಡಿನಾಯ್ಸ್ (ಫೋಟೋಲಿರೋ ಕಾಳು ಕಾಳು ತೆಗೆಯೋದು) ಇಷ್ಟೇ ಸಾಕು. ಹಳೇ ಲ್ಯಾಪ್‌ಟಾಪಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲಾಂದ್ರೆ ಡಿನಾಯ್ಸ್ ಹಾಕ್ದಾಗ ನಿಧಾನ ಆಗುತ್ತೆ, ಸ್ವಲ್ಪ ತಾಳ್ಮೆ ಬೇಕು. ಬರೀ ಫೋನಲ್ಲಿ ಮಾಮೂಲಿ ಜೆಪೆಗ್ ಫೋಟೋ ತೆಗೆಯೋರಾದ್ರೆ ಇಷ್ಟೆಲ್ಲ ರಗಳೆ ಯಾಕೆ, ಸ್ನ್ಯಾಪ್‌ಸೀಡ್ ಆ್ಯಪ್ ಹಾಕ್ಕೊಳ್ಳಿ, ಅದೂ ಫ್ರೀನೇ.