ಮೂರು ಅಕ್ಕಿರೊಟ್ಟಿ, ಒಂದು ಡಬ್ಬಿ

ಒಂದು ಸಂಜೆ ಮಗಳ ಊಟದ ಡಬ್ಬಿ ಖಾಲಿಯಾಗದೆ ವಾಪಸ್ ಬಂತು. ತೆಗೆದು ನೋಡಿದರೆ ಬೆಳಿಗ್ಗೆ ಹಾಕಿಕೊಟ್ಟ ಎರಡು ಅಕ್ಕಿರೊಟ್ಟಿಯೂ ಹಾಗೇ ಇದ್ದವು. ಒಂದನ್ನು ಮಡಿಸಲು ಹೋದೆ, ಲಟಕ್ಕನೆ ಮಧ್ಯಕ್ಕೆ ಮುರಿಯಿತು. "ರುಚಿ ಇತ್ತಮ್ಮ, ಅಗಿಯೋಕೆ ಆಗ್ಲಿಲ್ಲ" ಅಂದಳು. ಅದೇ ರೊಟ್ಟಿಯನ್ನು ಬೆಳಿಗ್ಗೆ ನನ್ನ ಅಪ್ಪ ಬಿಸಿಬಿಸಿಯಾಗಿ ತಿಂದು, ಇನ್ನೊಂದು ಹಾಕು ಅಂದಿದ್ದರು. ಅದೇ ಹಿಟ್ಟು, ಅದೇ ಕೈ. ನಡುವೆ ಇದ್ದದ್ದು ಐದಾರು ಗಂಟೆ ಅಷ್ಟೇ.

ಹಸಿದುಕೊಂಡು ಮನೆಗೆ ಬಂದ ಮಗುವನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಅವತ್ತೇ ತೀರ್ಮಾನ ಮಾಡಿದೆ. ನನಗೆ ಗೊತ್ತಿರುವ ಮೂರು ಬಗೆಯ ಅಕ್ಕಿರೊಟ್ಟಿಯನ್ನೂ ಒಂದೊಂದು ವಾರ ಮಾಡಿ ನೋಡುವುದು. ಒಂದೇ ಹಿಟ್ಟು, ಒಂದೇ ಡಬ್ಬಿ. ಮಗಳಿಗೆ ಹಾಕಿದಂಥದ್ದೇ ಒಂದು ರೊಟ್ಟಿಯನ್ನು ಮನೆಯಲ್ಲೂ ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟು, ಮಧ್ಯಾಹ್ನ 1 ಗಂಟೆಗೆ ತೆಗೆದು ನಾಲ್ಕಾಗಿ ಮಡಿಸಿ ನೋಡುವುದು.

ನನ್ನ ತವರು ಅರಸೀಕೆರೆ ಕಡೆ. ಗಂಡನ ಮನೆ ಸಕಲೇಶಪುರದ ಆಚೆ. ನಾವಿರುವುದು ನಡುವೆ, ಹಾಸನದಲ್ಲಿ. ಜಿಲ್ಲೆ ಒಂದೇ ಆದರೂ ಒಂದು ತುದಿ ತೆಂಗಿನ ಬಯಲುಸೀಮೆ, ಇನ್ನೊಂದು ತುದಿ ಕಾಫಿ ಏಲಕ್ಕಿಯ ಮಲೆನಾಡು. ಅಕ್ಕಿರೊಟ್ಟಿ ಅಂದರೆ ಎರಡೂ ಕಡೆ ಬೇರೆ ಬೇರೆ ತಿಂಡಿ. ಮದುವೆಯಾದ ಹೊಸದರಲ್ಲಿ ಅತ್ತೆ ಮನೆಯಲ್ಲಿ ರೊಟ್ಟಿ ಮಾಡು ಅಂದಾಗ ನಾನು ಈರುಳ್ಳಿ ಹೆಚ್ಚಲು ಕೂತಿದ್ದೆ. ಅವರಿಗೆ ಆಶ್ಚರ್ಯ, ರೊಟ್ಟಿಗೆ ಈರುಳ್ಳಿ ಯಾಕೆ ಅಂತ.

ಮೊದಲನೆಯದು ನನ್ನ ತವರಿನ ತಟ್ಟಿದ ರೊಟ್ಟಿ. 2 ಲೋಟ ಅಕ್ಕಿಹಿಟ್ಟಿಗೆ ಒಂದು ದೊಡ್ಡ ಈರುಳ್ಳಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಅರ್ಧ ಲೋಟ ಕಾಯಿತುರಿ, ಹಸಿಮೆಣಸಿನಕಾಯಿ, ಜೀರಿಗೆ, ಕರಿಬೇವು, ಉಪ್ಪು. ತಣ್ಣೀರಲ್ಲೇ ಮೆತ್ತಗೆ ಕಲಸುವುದು. ತಣ್ಣಗಿರುವ ಕಾವಲಿಗೆ ಎಣ್ಣೆ ಸವರಿ, ಉಂಡೆ ಇಟ್ಟು ಬೆರಳಲ್ಲಿ ತಟ್ಟುತ್ತಾ ಹರಡಬೇಕು. ನಡುವೆ ಮೂರು ತೂತು ಮಾಡಿ ಒಂದೊಂದಕ್ಕೂ ಎಣ್ಣೆ ಬಿಡಬೇಕು. ಮುಚ್ಚಳ ಮುಚ್ಚಿ ನಾಲ್ಕೈದು ನಿಮಿಷ. ಅಂಚು ತಾನಾಗಿ ಎದ್ದು ಬಂದಾಗ ತಳ ಕೆಂಪಗೆ ಗರಿಗರಿಯಾಗಿರುತ್ತದೆ, ಮೇಲೆ ಮೆತ್ತಗೆ. ಅವರೆಕಾಯಿ ಕಾಲದಲ್ಲಿ ಬೇಯಿಸಿದ ಅವರೆಕಾಳು ಒಂದು ಹಿಡಿ ಸೇರಿಸಿದರೆ ಪಲ್ಯವೂ ಬೇಡ, ಚಟ್ನಿಯೂ ಬೇಡ. ಮೇಲೆ ಒಂದು ಚೂರು ಬೆಣ್ಣೆ ಸಾಕು.

ಬಿಸಿಯಾಗಿ ತಿನ್ನುವುದಾದರೆ ಇದನ್ನು ಮೀರಿಸುವುದು ಇಲ್ಲ. ಇದನ್ನು ನಾನು ತವರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಮೂರು ವಾರ ಮುಗಿದ ಮೇಲೆ ಗಂಡನೂ ಅದನ್ನೇ ಹೇಳಿದರು.

ಡಬ್ಬಿಗೆ ಮಾತ್ರ ಇದು ಆಗುವುದಿಲ್ಲ. ಆರು ದಿನದಲ್ಲಿ ಐದು ದಿನ 1 ಗಂಟೆಗೆ ತೆಗೆದ ರೊಟ್ಟಿ ಮುರಿಯಿತು. ಒಂದು ದಿನ ಮಾತ್ರ ಸ್ವಲ್ಪ ಬಗ್ಗಿತು. ಅವತ್ತು ಸೌತೆಕಾಯಿ ತುರಿದು, ಅದರ ನೀರಲ್ಲೇ ಕಲಸಿದ್ದೆ. ಈರುಳ್ಳಿ ವಾಸನೆ ಬೇರೆ. ಬೆಳಿಗ್ಗೆ ಘಮ ಅನ್ನಿಸುವುದು ಮಧ್ಯಾಹ್ನ ಮುಚ್ಚಳ ತೆಗೆದಾಗ ಹಾಗೆ ಅನ್ನಿಸುವುದಿಲ್ಲ. ಕೆಲಸವೂ ಜಾಸ್ತಿ. ಪ್ರತಿ ರೊಟ್ಟಿಗೂ ಕಾವಲಿ ಆರಬೇಕು. ಎರಡು ಕಾವಲಿ ಇಟ್ಟುಕೊಂಡು ಒಂದು ಬೇಯುವಾಗ ಇನ್ನೊಂದನ್ನು ಆರಿಸಿಕೊಳ್ಳುತ್ತಿದ್ದೆ. ಅವಸರ ಅಂತ ಬಿಸಿ ಕಾವಲಿಗೆ ತಣ್ಣೀರು ಸುರಿಯಬೇಡಿ, ಬೀಡಿನ ಕಾವಲಿ ಸೀಳಿ ಹೋಗಬಹುದು. ಬೇರೆ ದಾರಿ ಅಂದರೆ ಬಾಳೆ ಎಲೆಯ ಮೇಲೆ ತಟ್ಟಿ, ಬಿಸಿ ಕಾವಲಿಗೆ ಎಲೆ ಸಮೇತ ಬೋರಲು ಹಾಕಿ, ಆಮೇಲೆ ಎಲೆ ಎಳೆಯುವುದು.

ಎರಡನೆಯದು ಅತ್ತೆ ಮನೆಯ ಉಕ್ಕರಿಸಿದ ರೊಟ್ಟಿ. ಸಾಮಾನು ಏನೂ ಬೇಡ. ಹಿಟ್ಟು, ನೀರು, ಉಪ್ಪು. 2 ಲೋಟ ನೀರು ಕುದಿಸಿ, ಉಪ್ಪು ಹಾಕಿ, 2 ಲೋಟ ಹಿಟ್ಟನ್ನು ಗುಡ್ಡೆಯ ಹಾಗೆ ಸುರಿಯಬೇಕು. ಕೋಲಿನಿಂದ ನಡುವೆ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಮುಚ್ಚಿ ಮೂರು ನಾಲ್ಕು ನಿಮಿಷ ಬಿಡಬೇಕು. ಆಮೇಲೆ ಇಳಿಸಿ, ಕೋಲಲ್ಲಿ ತೊಳಸಿ, ಬಿಸಿ ಇರುವಾಗಲೇ ನಾದಬೇಕು.

ಎಲ್ಲ ಇರುವುದು ಈ ನಾದುವುದರಲ್ಲೇ. ಮೊದಲ ದಿನ ನನಗೆ ಸರಿ ಬರಲಿಲ್ಲ. ನೀರು ಹೊಗೆಯಾಡುತ್ತಿದ್ದ ಹಾಗೇ ಹಿಟ್ಟು ಹಾಕಿಬಿಟ್ಟಿದ್ದೆ. ಲಟ್ಟಿಸಿದರೆ ಅಂಚೆಲ್ಲ ಬೇಸಿಗೆಯ ಕೆರೆ ತಳದ ಹಾಗೆ ಬಿರುಕು. ಅತ್ತೆಗೆ ಫೋನ್ ಮಾಡಿದೆ. "ನೀರು ಕೊತಕೊತ ಕುದಿಬೇಕು, ಆಮೇಲೆ ಹಿಟ್ಟು. ಕೈ ಸುಡುತ್ತೆ ಅಂತ ಬಿಟ್ಟು ಕೂತ್ಕೋಬೇಡ" ಅಂದರು. ಅವರು ಸುಮ್ನೆ ಹೇಳಿದ ಮಾತಲ್ಲ. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಅಂಟು, ಅಂದರೆ ಗ್ಲುಟೆನ್, ಇರುತ್ತದೆ. ಅಕ್ಕಿಯಲ್ಲಿ ಅದು ಇಲ್ಲ. ಅಕ್ಕಿಯ ಪಿಷ್ಟ ಬಿಸಿನೀರು ಕುಡಿದು ಉಬ್ಬಿ ಅಂಟಾದರೆ ಮಾತ್ರ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ನೀರು ಸಾಕಷ್ಟು ಬಿಸಿ ಇಲ್ಲದಿದ್ದರೆ ಆ ಅಂಟು ಬರುವುದೇ ಇಲ್ಲ.

ಎರಡನೇ ದಿನದಿಂದ ಹೀಗೆ ಮಾಡಿದೆ. ಹಿಟ್ಟನ್ನು ಪರಾತಕ್ಕೆ ಸುರಿದು, ಸ್ಟೀಲ್ ಲೋಟದ ತಳವನ್ನು ತಣ್ಣೀರಲ್ಲಿ ಅದ್ದಿ, ಅದರಿಂದಲೇ ಒತ್ತಿ ಒತ್ತಿ ಮೊದಲ ಗಂಟುಗಳನ್ನು ಒಡೆಯುವುದು. ಕೈ ತಡೆಯುವಷ್ಟು ಬಿಸಿ ಇಳಿದ ಕೂಡಲೇ ಅಂಗೈ ಒದ್ದೆ ಮಾಡಿಕೊಂಡು ನಾದುವುದು. ಐದು ನಿಮಿಷ ನಾದಿದ ಮೇಲೆ ಹಿಟ್ಟು ಬದಲಾಗುವುದು ಕೈಗೇ ಗೊತ್ತಾಗುತ್ತದೆ. ಒರಟಾಗಿದ್ದದ್ದು ನುಣ್ಣಗಾಗಿ, ಬೆರಳಿಗೆ ಮೆತ್ತಿಕೊಳ್ಳದೆ, ಕಿವಿಯ ತುದಿ ಮುಟ್ಟಿದ ಹಾಗೆ ಇರುತ್ತದೆ. ಉಂಡೆ ಮಾಡಿ ಅಂಗೈಯಲ್ಲಿ ಒತ್ತಿದರೆ ಅಂಚು ಒಡೆಯಬಾರದು. ಒಡೆದರೆ ಇನ್ನೂ ನಾದಬೇಕು ಅಂತ ಅರ್ಥ. ಆ ಹದ ಬಂದ ದಿನ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಒಣ ಹಿಟ್ಟು ಉದುರಿಸಿ ಲಟ್ಟಿಸಿ, ಚೆನ್ನಾಗಿ ಕಾದ ಕಾವಲಿಗೆ ಹಾಕಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ಬೇಯಿಸಿ, ಆಮೇಲೆ ನೇರ ಉರಿಗೆ ಹಿಡಿದರೆ ಪೂರಿಯ ಹಾಗೆ ಉಬ್ಬುತ್ತದೆ. ಅತ್ತೆ ಮನೆಯಲ್ಲಿ ಈಗಲೂ ಒಲೆಯ ಕೆಂಡದ ಪಕ್ಕ ನಿಲ್ಲಿಸಿ ಸುಡುತ್ತಾರೆ. ಆ ರುಚಿ ಗ್ಯಾಸ್ ಒಲೆಯಲ್ಲಿ ಬರುವುದಿಲ್ಲ, ಅದು ನಿಜ. ಆದರೆ ಒಂದು ರೊಟ್ಟಿಗೆ ಎರಡು ನಿಮಿಷವೂ ಬೇಡ. ಹಿಟ್ಟು ಒಮ್ಮೆ ಸಿದ್ಧವಾದರೆ ಹತ್ತು ರೊಟ್ಟಿ ಆದದ್ದೇ ಗೊತ್ತಾಗುವುದಿಲ್ಲ.

ಡಬ್ಬಿಯ ಪರೀಕ್ಷೆಯಲ್ಲಿ ಗೆದ್ದದ್ದು ಇದೇ. ಮೊದಲ ದಿನ ಬಿಟ್ಟು ಉಳಿದ ಐದೂ ದಿನ 1 ಗಂಟೆಗೆ ನಾಲ್ಕಾಗಿ ಮಡಿಸಿದರೂ ಮುರಿಯಲಿಲ್ಲ. ಇದಕ್ಕೂ ಒಂದು ಕ್ರಮ ಇದೆ. ಸುಟ್ಟ ಕೂಡಲೇ ಒಂದರ ಮೇಲೆ ಒಂದು ಇಟ್ಟು ಹತ್ತಿ ಬಟ್ಟೆಯಲ್ಲಿ ಸುತ್ತಬೇಕು. ಐದು ನಿಮಿಷ ಹಬೆ ಹೋಗಲಿ. ಆಮೇಲೆ ಬಟ್ಟೆ ಸಮೇತ ಡಬ್ಬಿಗೆ. ಬಟ್ಟೆ ಇಲ್ಲದೆ ಮುಚ್ಚಿದರೆ ಕೆಳಗಿನದು ನೀರಾಗುತ್ತದೆ, ತೆರೆದಿಟ್ಟರೆ ಮೇಲಿನದು ಒಣಗುತ್ತದೆ. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿ ಇಟ್ಟರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ತಣ್ಣಗಾದಷ್ಟೂ ಅಕ್ಕಿಯ ಪಿಷ್ಟ ಮತ್ತೆ ಬಿಗಿದುಕೊಳ್ಳುತ್ತದೆ. ಸಂಜೆಗೆ ಅಂಥ ರೊಟ್ಟಿಗೆ ಎರಡು ಹನಿ ನೀರು ಚಿಮುಕಿಸಿ ಕಾವಲಿಯಲ್ಲಿ ಬಿಸಿ ಮಾಡಿ. ಮತ್ತೆ ಮೆತ್ತಗಾಗುತ್ತದೆ.

ಇದರ ಒಂದೇ ಕೊರತೆ ಅಂದರೆ ಬರಿದೇ ತಿನ್ನಲು ಆಗುವುದಿಲ್ಲ. ಕಳಲೆ ಪಲ್ಯ, ಕೆಸುವಿನ ಗೊಜ್ಜು, ಕೋಳಿಸಾರು, ಏನಾದರೂ ಜೊತೆಗೆ ಬೇಕು. ಮಗಳ ಡಬ್ಬಿಗೆ ನಾನು ಹಾಕುವುದು ಹುಚ್ಚೆಳ್ಳು ಚಟ್ನಿಪುಡಿ. ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಹುಣಸೆ, ಉಪ್ಪು ಹಾಕಿ ಪುಡಿ ಮಾಡಿದರೆ ಆಯಿತು. ರೊಟ್ಟಿಗೆ ತುಪ್ಪ ಸವರಿ, ಪುಡಿ ಉದುರಿಸಿ, ಸುರುಳಿ ಸುತ್ತಿ ಕೊಡುತ್ತೇನೆ. ಚೆಲ್ಲುವುದಿಲ್ಲ, ಕೈ ಅಂಟಾಗುವುದಿಲ್ಲ.

ಮೂರನೆಯದು ಅನ್ನದ ರೊಟ್ಟಿ. ಎದುರು ಮನೆಯವರು ಕೊಡಗಿನ ಕಡೆಯವರು, ಅವರಿಂದ ಕಲಿತದ್ದು. 1 ಲೋಟ ಮೆತ್ತಗೆ ಬೆಂದ ಅನ್ನವನ್ನು ಒಂದು ಅಗುಳೂ ಉಳಿಯದ ಹಾಗೆ ಕಿವುಚಿ, ಉಪ್ಪು ಹಾಕಿ, ಹಿಡಿಸುವಷ್ಟು ಅಕ್ಕಿಹಿಟ್ಟು ಸೇರಿಸಿ ನಾದುವುದು. ನನಗೆ ಸುಮಾರು ಒಂದೂವರೆ ಲೋಟ ಹಿಡಿಯಿತು. ನೀರು ಬೇಕಾಗುವುದೇ ಇಲ್ಲ. ಲಟ್ಟಿಸಿ ಎಣ್ಣೆ ಇಲ್ಲದೆ ಸುಡುವುದು. ಬೆಂದ ಅನ್ನವೇ ಅಂಟಾಗಿ ಹಿಡಿದುಕೊಳ್ಳುವುದರಿಂದ ಹೊಸದಾಗಿ ಕಲಿಯುವವರಿಗೆ ಇದೇ ಸುಲಭ. ಮೂರರಲ್ಲಿ ಬಿಸಿ ಇರುವಾಗ ಅತಿ ಮೆದು ಇದು. ಅಪ್ಪನಿಗೆ ಈಗ ಹಲ್ಲು ಸರಿಯಿಲ್ಲ. ತಟ್ಟಿದ ರೊಟ್ಟಿಯನ್ನು ಆಸೆಪಟ್ಟು ತಿಂದರೂ ಗರಿ ಅಂಚನ್ನು ಮುರಿದು ತಟ್ಟೆಯ ಬದಿಗೆ ಸರಿಸುತ್ತಾರೆ. ಅನ್ನದ ರೊಟ್ಟಿ ಮಾಡಿದ ವಾರ ತಟ್ಟೆಯಲ್ಲಿ ಒಂದು ಚೂರೂ ಉಳಿಯಲಿಲ್ಲ.

ಡಬ್ಬಿಯಲ್ಲಿ ಇದು ಎರಡನೇ ಸ್ಥಾನ. ಮುರಿಯುವುದಿಲ್ಲ, ಆದರೆ ಸ್ವಲ್ಪ ಜಗಿಯಾಗುತ್ತದೆ. ಎಳೆದು ತಿನ್ನಬೇಕು. ರಾತ್ರಿಯ ಅನ್ನ ಬಳಸುವುದಾದರೆ ಆರಿದ ಕೂಡಲೇ ಫ್ರಿಜ್‌ಗೆ ಹಾಕಿ. ಹೊರಗೇ ಉಳಿದ ಅನ್ನದಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಕ್ಕಳ ಡಬ್ಬಿಗೆ ಹೋಗುವ ತಿಂಡಿಯಲ್ಲಿ ಇಂಥ ಅಪಾಯ ಬೇಡ.

ಎಣ್ಣೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ತಟ್ಟಿದ ರೊಟ್ಟಿಗೆ ತಲಾ 2 ಟೀ ಚಮಚ ಎಣ್ಣೆ ಹಿಡಿಯಿತು. ಒಂದು ಟೀ ಚಮಚ ಎಣ್ಣೆ ಅಂದರೆ ಸುಮಾರು 40 ಕ್ಯಾಲೊರಿ. ಎರಡು ರೊಟ್ಟಿ ತಿಂದರೆ ಎಣ್ಣೆಯಿಂದಲೇ 160. ಉಳಿದೆರಡಕ್ಕೆ ಸುಡುವಾಗ ಎಣ್ಣೆಯೇ ಬೇಡ. ಆದರೆ ಅಪ್ಪನ ಹಾಗೆ ಸಕ್ಕರೆ ಕಾಯಿಲೆ ಇರುವವರು ಎಣ್ಣೆ ಇಲ್ಲ ಅಂತ ನಾಲ್ಕು ರೊಟ್ಟಿ ತಿನ್ನಬಾರದು. ಮೂರೂ ಅಕ್ಕಿಯೇ ತಾನೆ. ಅಪ್ಪನಿಗೆ ನಾನು ಒಂದೇ ರೊಟ್ಟಿ ಕೊಟ್ಟು, ಪಕ್ಕಕ್ಕೆ ಅವರೆಕಾಳಿನ ಉಸಲಿಯೋ ಹುರುಳಿಕಾಳಿನ ಪಲ್ಯವೋ ಜಾಸ್ತಿ ಹಾಕುತ್ತೇನೆ. ತಿಂದ ಮೇಲೆ ಮಹಾರಾಜ ಪಾರ್ಕಿಗೆ ಹೋಗಿ ಇಪ್ಪತ್ತು ನಿಮಿಷ ನಡೆದು ಬರುತ್ತಾರೆ. ಊಟ ತಿಂಡಿ ಆದ ಮೇಲೆ ನಡೆದರೆ ಸಕ್ಕರೆ ಒಮ್ಮೆಲೇ ಏರುವುದು ಕಡಿಮೆಯಾಗುತ್ತದೆ. ತಿಂಡಿ ಯಾವುದೇ ಇರಲಿ, ಈ ನಡಿಗೆಯನ್ನು ನಾನು ತಪ್ಪಿಸಲು ಬಿಡುವುದಿಲ್ಲ.

ಹಿಟ್ಟಿನ ಬಗ್ಗೆ ಒಂದು ಮಾತು. ಪರೀಕ್ಷೆ ಶುರು ಮಾಡುವ ಮೊದಲು ಅಂಗಡಿಯ ಪ್ಯಾಕೆಟ್ ಹಿಟ್ಟಲ್ಲಿ ಮಾಡಿದ್ದೆ. ತರಿ ಜಾಸ್ತಿ ಇತ್ತು, ಎಷ್ಟು ನಾದಿದರೂ ಒಗ್ಗಲಿಲ್ಲ. ಆಮೇಲೆ ಕಟ್ಟಿನಕೆರೆ ಮಾರುಕಟ್ಟೆಯಿಂದ ಅಕ್ಕಿ ತಂದು, ತೊಳೆದು, ನೆರಳಲ್ಲಿ ಬಟ್ಟೆಯ ಮೇಲೆ ಒಣಗಿಸಿ, ಗಿರಣಿಯಲ್ಲಿ ನುಣ್ಣಗೆ ಬೀಸಿಸಿದೆ. ಮೂರೂ ವಾರ ಅದೇ ಹಿಟ್ಟು. ವ್ಯತ್ಯಾಸ ಬೆಟ್ಟದಷ್ಟು. ಒಂದು ತಿಂಗಳಿಗಾಗುವಷ್ಟು ಮಾತ್ರ ಬೀಸಿಸಿ, ಹಳೆಯದಾದಷ್ಟೂ ಹಿಟ್ಟು ಬಿರಿಯುತ್ತದೆ.

ರಾಜಮುಡಿ ಅಕ್ಕಿಯ ಹಿಟ್ಟನ್ನೂ ನೋಡಿದೆ. ಹೊಳೆನರಸೀಪುರದ ಕಡೆ ಬೆಳೆಯುವ ಕೆಂಪು ಛಾಯೆಯ ನಮ್ಮ ಜಿಲ್ಲೆಯದೇ ಅಕ್ಕಿ. ಮೈಸೂರು ಒಡೆಯರ ಕಾಲದಲ್ಲಿ ಕಂದಾಯದ ಬದಲು ಈ ಅಕ್ಕಿಯನ್ನು ಕೊಡುತ್ತಿದ್ದರು ಅನ್ನುವ ಮಾತಿದೆ. ತೌಡು ಪೂರ್ತಿ ತೆಗೆಯದ ಅಕ್ಕಿಯಾದ್ದರಿಂದ ನಾರಿನಂಶ ಜಾಸ್ತಿ. ಅದೇ ಕಾರಣಕ್ಕೆ ಅದೊಂದೇ ಹಾಕಿದರೆ ಲಟ್ಟಿಸುವಾಗ ಅಂಚು ಒಡೆಯುತ್ತದೆ, ನೀರೂ ಹೆಚ್ಚು ಕುಡಿಯುತ್ತದೆ. ಅರ್ಧಕ್ಕರ್ಧ ಬಿಳಿ ಹಿಟ್ಟು ಬೆರೆಸಿ ಉಕ್ಕರಿಸಿದಾಗ ಸರಿಹೋಯಿತು. ಬಣ್ಣ ತಿಳಿ ಕಂದು, ರುಚಿಯಲ್ಲಿ ಸಣ್ಣ ಸಿಹಿ. ಅಪ್ಪ ಎರಡು ತುತ್ತು ತಿಂದು, ಚಿಕ್ಕಂದಿನಲ್ಲಿ ತಿಂದ ರೊಟ್ಟಿ ಹೀಗೇ ಇರುತ್ತಿತ್ತು ಅಂದರು.

ಈಗ ನಮ್ಮ ಮನೆಯಲ್ಲಿ ಶಾಲೆ ಇರುವ ದಿನ ಉಕ್ಕರಿಸಿದ ರೊಟ್ಟಿ. ಅನ್ನ ಮಿಕ್ಕ ಮರುದಿನ, ಅಪ್ಪನಿಗೆ ಅಂತ, ಅನ್ನದ ರೊಟ್ಟಿ. ತಟ್ಟಿದ ರೊಟ್ಟಿಗೆ ಭಾನುವಾರ. ಅವತ್ತು ಯಾರಿಗೂ ಡಬ್ಬಿ ಇಲ್ಲ. ಎಲ್ಲರೂ ಅಡುಗೆಮನೆಯಲ್ಲೇ ತಟ್ಟೆ ಹಿಡಿದು ಕೂರುತ್ತಾರೆ. ಒಂದು ಕಾವಲಿಯಿಂದ ಎದ್ದದ್ದು ಮಗಳಿಗೆ, ಇನ್ನೊಂದರದ್ದು ಗಂಡನಿಗೆ. ಗರಿ ಅಂಚನ್ನು ನಾನೇ ಮುರಿದು ತೆಗೆದುಕೊಂಡು, ನಡುವಿನ ಮೆತ್ತನೆಯ ಭಾಗವನ್ನು ಬೆಣ್ಣೆ ಸವರಿ ಅಪ್ಪನಿಗೆ ಕೊಡುತ್ತೇನೆ.